ಬಸ್ಸಿನ ಕಿಟಕಿಗಳ ತಂಪುಮನೆ

ನನ್ನ ಚಿಕ್ಕಪ್ಪನಿಗೆ ಚಳಿ ಆಗಿಬರುವುದಿಲ್ಲ, ಚಿಕ್ಕಮ್ಮನಿಗೆ ಸೆಕೆ ಆಗಿಬರುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಬೇಕಾದ್ದು ಬೇಡದ್ದು ಎಲ್ಲವನ್ನೂ ವಿಚಾರಿಸಿದ ಹಿರಿಯರು ಇದೊಂದನ್ನು ಮಾತ್ರ ಕೇಳದೆ ಬಿಟ್ಟರಂತೆ. ಚಿಕ್ಕಪ್ಪ ಊರೊಳಗಿನ ಬಸ್ಸಿನ ಡ್ರೈವರ್. ಪ್ರಯಾಣಿಕರು ಕೈಗೆ ಸಿಕ್ಕ ಕಾಗದದಿಂದ ಗಾಳಿ ಹಾಕಿಕೊಳ್ಳುವ ದಿನಗಳಲ್ಲೂ ಅವನು ತನ್ನ ಪಕ್ಕದ ಕಿಟಕಿಯನ್ನು ಬೆರಳು ತೂರುವಷ್ಟೇ ಸರಿಸಿ, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಕೂರುತ್ತಿದ್ದ. ಚಿಕ್ಕಮ್ಮನಾದರೋ ಕೆಲಸದಿಂದ ಬಂದವಳೇ ಚೀಲವನ್ನೂ ಕೆಳಗಿಡದೆ ಫ್ರಿಜ್ಜಿನ ಬಾಗಿಲು ತೆಗೆದು, ತರಕಾರಿಗಳ ನಡುವೆ ಮುಖ ತೂರಿಸಿ ಒಂದು ಗಳಿಗೆ ನಿಲ್ಲುತ್ತಿದ್ದಳು.

"ಇಬ್ಬರನ್ನೂ ಒಂದು ಪಾತ್ರೆಗೆ ಹಾಕಿ ಕಲಸಿದ್ರೆ ಒಬ್ಬ ಹದವಾದ ಮನುಷ್ಯ ಆಗ್ತಿದ್ದ ನೋಡು," ಎಂದು ಅಜ್ಜಿ ನನ್ನ ಹತ್ತಿರ ಹೇಳಿ ನಗುತ್ತಿದ್ದಳು. ಅಜ್ಜಿ ಎಂದರೆ ಚಿಕ್ಕಪ್ಪನ ಮತ್ತು ನನ್ನ ಅಪ್ಪನ ತಾಯಿ. ಅವಳು ಚಿಕ್ಕಪ್ಪನ ಮನೆಯಲ್ಲೇ ಇದ್ದಳು. ನಾನಿರುವುದು ಅವರ ಹಿಂದಿನ ಬೀದಿಯಲ್ಲಿ. ನನ್ನ ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಅವರ ಹಿತ್ತಿಲು ಅಂಗೈ ಮೇಲಿದ್ದ ಹಾಗೆ ಕಾಣುತ್ತದೆ. ಆದ್ದರಿಂದ ಈ ಕತೆಯಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದರ್ಧ ಅಜ್ಜಿ ಉಪ್ಪು ಖಾರ ಹಚ್ಚಿ ಹೇಳಿದ್ದು.

ಚಿಕ್ಕಮ್ಮನ ಕೆಲಸ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ಅದು ನೆಲಮಾಳಿಗೆ. ಒಂದು ಬದಿಯಲ್ಲಿ ಒಗೆಯುವ ಯಂತ್ರಗಳು, ಇನ್ನೊಂದು ಬದಿಯಲ್ಲಿ ಹಬೆಯಿಂದ ಕಾಯುವ ಉದ್ದನೆಯ ಇಸ್ತ್ರಿ ರೋಲರ್. ಒದ್ದೆ ಬೆಡ್‌ಶೀಟಿನ ಅಂಚನ್ನು ಎರಡೂ ಕೈಯಲ್ಲಿ ಬಿಡಿಸಿ ರೋಲರಿನ ಬಾಯಿಗೆ ಕೊಟ್ಟರೆ ಅದು ಹಬೆಯುಗುಳುತ್ತ ಎಳೆದುಕೊಂಡು, ಆಚೆ ಕಡೆಯಿಂದ ಹಪ್ಪಳದಂತೆ ಗರಿಗರಿಯಾಗಿ ಹೊರಹಾಕುತ್ತಿತ್ತು. ಆಚೆ ನಿಂತ ಇಬ್ಬರು ಹೆಂಗಸರು ಅದರ ಮೂಲೆ ಹಿಡಿದು ಮಡಚಬೇಕು. ಚಿಕ್ಕಮ್ಮ ಮತ್ತು ಅವಳ ಜೊತೆಗಾರ್ತಿ ಒಬ್ಬರ ಮುಖ ಒಬ್ಬರು ನೋಡದೆಯೇ, ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತಲೇ ಮಡಚಿ ಹಾಕುತ್ತಿದ್ದರು. ಅವಳ ಮೊಣಕೈಯಿಂದ ಕೆಳಗೆ ಹಳೆಯ ಸುಟ್ಟ ಗುರುತುಗಳು ಒಂದರ ಮೇಲೊಂದು ಇದ್ದವು. ಕೆಲಸದ ಬಗ್ಗೆ ಅವಳು ದೂರಿದ್ದನ್ನು ನಾನು ಕೇಳಿಲ್ಲ. "ಬೆಳ್ಳಗಿರೋ ಬಟ್ಟೆ ಅಟ್ಟಿ ಏರ್ತಾ ಹೋಗೋದು ನೋಡೋಕೆ ಖುಷಿ ಕಣೆ. ಆದ್ರೆ ನನ್ನನ್ನೂ ಅದರ ಜೊತೆ ಬೇಯಿಸ್ತಾರಲ್ಲ, ಅದಷ್ಟೇ ಕಷ್ಟ," ಎನ್ನುತ್ತಿದ್ದಳು.

ಊಟದ ಹೊತ್ತಿಗೆ ಉಳಿದವರು ಕ್ಯಾಂಟೀನಿಗೆ ಹೋದರೆ ಇವಳು ಡಬ್ಬಿ ಹಿಡಿದುಕೊಂಡು ರಸ್ತೆ ದಾಟುತ್ತಿದ್ದಳು. ಎದುರಿಗೆ ಸಾರ್ವಜನಿಕ ಉದ್ಯಾನ. ಅಲ್ಲಿ ಎರಡು ಗಾಜಿನ ಮನೆಗಳಿದ್ದವು. ಎಲ್ಲರೂ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದುದು ದೊಡ್ಡದಕ್ಕೆ, ತಾಳೆ ಬಾಳೆಗಳಿರುವ ಬಿಸಿಮನೆಗೆ. ಅದರ ಬೆನ್ನಿಗೆ ಅಂಟಿಕೊಂಡಂತೆ, ಗೋಡೆಯ ನೆರಳಿನಲ್ಲಿ ಒಂದು ಚಿಕ್ಕ ತಂಪುಮನೆಯಿತ್ತು. ನೆಲ ಸದಾ ಒದ್ದೆ. ಒಂದು ಕೊನೆಯಲ್ಲಿ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಬೆಟ್ಟದ ಮೇಲಿನ ಗಿಡಗಳು, ಪಾಚಿ, ಜರಿಗಿಡ. ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತು ತಿಂದರೆ ಮಾತ್ರ ಅವಳಿಗೆ ಊಟ ಮೈಗೆ ಹತ್ತುತ್ತಿತ್ತಂತೆ.

ಆ ತಂಪುಮನೆಯ ಮಾಲಿಯನ್ನು ಎಲ್ಲರೂ ಥರ್ಮಾಮೀಟರ್ ಸಾಹೇಬರು ಎಂದೇ ಕರೆಯುತ್ತಿದ್ದರು. ಬೇರೆಯವರು ಜೇಬಿಗೆ ಪೆನ್ನು ಸಿಕ್ಕಿಸುವ ಕಡೆ ಅವರು ಥರ್ಮಾಮೀಟರ್ ಸಿಕ್ಕಿಸಿಕೊಂಡಿರುತ್ತಿದ್ದರು. ಚಿಕ್ಕಮ್ಮನನ್ನು ಮೊದಲ ಸಲ ಕಂಡಾಗ ಅವರು ಬಾಗಿಲಲ್ಲೇ ಕೈ ಅಡ್ಡ ಹಿಡಿದಿದ್ದರು.

"ಲಾಂಡ್ರಿಯಿಂದ ಸೀದಾ ಒಳಗೆ ಬರಬೇಡಿ ಅಮ್ಮ. ಇಲ್ಲೇ ಬಾಗಿಲ ಹತ್ರ ಸ್ವಲ್ಪ ಆರಿ, ಆಮೇಲೆ ಬನ್ನಿ. ನೀವು ಬಂದ್ರೆ ಒಳಗೆ ಒಲೆ ಹಚ್ಚಿಟ್ಟ ಹಾಗಾಗತ್ತೆ."

ಅವಳು ತಮಾಷೆ ಎಂದುಕೊಂಡಳು. ಸಾಹೇಬರು ನಗಲಿಲ್ಲ. ಅಂದಿನಿಂದ ಪ್ರತಿದಿನ ಬಾಗಿಲ ಹೊರಗೆ ನಿಂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಆರಿ, ಆಮೇಲೆ ಒಳಗೆ ಹೋಗುವುದು ರೂಢಿಯಾಯಿತು. ವರ್ಷಗಳು ಹೀಗೇ ಕಳೆದವು. ಇಬ್ಬರ ನಡುವೆ ಹೆಚ್ಚು ಮಾತಿಲ್ಲ. ಅವಳು ಉಣ್ಣುವಳು, ಅವರು ನೀರು ಚಿಮುಕಿಸುವರು.

ಒಂದು ವರ್ಷ ಜೋರು ಗಾಳಿಗೆ ತಂಪುಮನೆಯ ಮಾಡಿನ ಕಬ್ಬಿಣ ಬಾಗಿತು. ಒಳಗೆ ಜನ ಬಿಡುವುದು ಅಪಾಯವೆಂದು ಅದನ್ನು ಕೆಡವಲು ತೀರ್ಮಾನವಾಯಿತು. ಗಿಡಗಳನ್ನು ಬೇರೆ ಬೇರೆ ಊರಿನ ಉದ್ಯಾನಗಳವರು ಬಂದು ಒಯ್ದರು. ಸಾಹೇಬರ ನಿವೃತ್ತಿಯೂ ಅದೇ ತಿಂಗಳು. ಚಿಕ್ಕಮ್ಮ ಕೊನೆಯ ಸಲ ಡಬ್ಬಿ ಹಿಡಿದು ಹೋದಾಗ ಕಟ್ಟೆಗಳೆಲ್ಲ ಖಾಲಿಯಾಗಿದ್ದವು. ಮೂಲೆಯಲ್ಲಿ ಒಂದು ಕುಂಡ ಮಾತ್ರ ಉಳಿದಿತ್ತು. ಅದರಲ್ಲಿ ಪಾಚಿಯಿಂದ ಅರ್ಧ ಹೊರಗೆದ್ದ ಸುವರ್ಣಗೆಡ್ಡೆಯಂಥ ಕಟ್ಟಿಗೆಯ ಗಂಟು, ಅದರಿಂದ ಅಡ್ಡಾದಿಡ್ಡಿ ಚಾಚಿದ ಉದ್ದುದ್ದ ರೆಂಬೆಗಳು, ಚರ್ಮದಂತೆ ದಪ್ಪನೆಯ ಎಲೆಗಳು.

"ಇದನ್ಯಾಕೆ ಯಾರೂ ಒಯ್ಯಲಿಲ್ಲ ಸಾಹೇಬ್ರೆ?"

"ಹೂವಿಲ್ಲದಾಗ ಇದನ್ನ ನೋಡಿದ್ರೆ ಯಾರಿಗೂ ಕನಿಕರಾನೂ ಬರಲ್ಲ. ನೀವು ಒಯ್ತೀರಾ?"

"ಏನು ಗಿಡ ಇದು?"

"ಬ್ಲೂಬೆರಿ ಗೊತ್ತಲ್ಲ, ಅಂಗಡೀಲಿ ಸಣ್ಣ ಡಬ್ಬೀಲಿ ಬರತ್ತಲ್ಲ, ಅದರ ದಾಯಾದಿ. ಅದು ಚಳಿ ದೇಶದ್ದು, ಇದು ಬಿಸಿ ದೇಶದ್ದು. ಆದ್ರೆ ಬಿಸಿ ದೇಶದಲ್ಲೂ ಎತ್ತರದ ಬೆಟ್ಟದ ಮೇಲೆ, ಮೋಡದೊಳಗೆ ಇರೋದು. ಅದಕ್ಕೇ ಇದಕ್ಕೆ ಸೆಕೇನೂ ಆಗಲ್ಲ, ಹಿಮಾನೂ ಆಗಲ್ಲ. ನಾನೇ ಬೀಜದಿಂದ ಎಬ್ಬಿಸಿದ್ದು."

ಕೊನೆಯ ಮಾತು ಹೇಳುವಾಗ ಅವರು ಆಚೆ ತಿರುಗಿ ಖಾಲಿ ಕಟ್ಟೆಯನ್ನು ಒರೆಸಲು ಶುರುಮಾಡಿದರಂತೆ. ಚಿಕ್ಕಮ್ಮ ಕುಂಡವನ್ನು ಸೊಂಟಕ್ಕೆ ಏರಿಸಿಕೊಂಡಳು.

ಇತ್ತ ಮನೆಯಲ್ಲಿ ಚಿಕ್ಕಪ್ಪ ತನ್ನದೇ ಒಂದು ಸಾಮ್ರಾಜ್ಯ ಕಟ್ಟಿ ಮುಗಿಸಿದ್ದ. ಡಿಪೋದಲ್ಲಿ ಹಳೆಯ ಬಸ್ಸುಗಳನ್ನು ಒಡೆದು ಗುಜರಿಗೆ ಹಾಕುತ್ತಿದ್ದರು. ಅವುಗಳ ಕಿಟಕಿಗಳನ್ನು ಚೌಕಟ್ಟಿನ ಸಮೇತ ಕೇಳಿ ತಂದು, ಹಿತ್ತಿಲಿನಲ್ಲಿ ಪಕ್ಕದ ಮನೆಯ ಎತ್ತರದ ಗೋಡೆಗೆ ಒರಗಿಸಿ ಒಂದು ಗಾಜಿನ ಕೋಣೆ ಎಬ್ಬಿಸಿದ್ದ. ಎಲ್ಲ ಸರಿಯುವ ಗಾಜುಗಳು. ಒಂದರ ಮೇಲೆ ಕೆಂಪು ಅಕ್ಷರದಲ್ಲಿ 'ಅಪಾಯದಲ್ಲಿ ಮಾತ್ರ ತೆರೆಯಿರಿ' ಎಂದು ಬರೆದಿತ್ತು. ಒಳಗೆ ಟೊಮೆಟೊ ಗಿಡಗಳು, ಅವುಗಳ ನಡುವೆ ಒಂದು ಕುರ್ಚಿ. ರಜೆಯ ದಿನ ಕಿಟಕಿಗಳನ್ನೆಲ್ಲ ಮುಚ್ಚಿ, ಸ್ವೆಟರ್ ಹಾಕಿಕೊಂಡು, ಬಿಸಿಲಿಗೆ ಮುಖ ಕೊಟ್ಟು ಅಲ್ಲಿ ಕೂರುವುದು ಅವನ ಪರಮಸುಖ. ನನ್ನ ಕಿಟಕಿಯಿಂದ ನೋಡಿದರೆ ಎಲ್ಲಿಗೂ ಹೊರಡದ ಬಸ್ಸಿನಲ್ಲಿ ಒಬ್ಬನೇ ಪ್ರಯಾಣಿಕ ಕೂತಂತೆ ಕಾಣುತ್ತಿತ್ತು.

ಚಿಕ್ಕಮ್ಮ ಕುಂಡವನ್ನು ಮೊದಲು ನಡುಮನೆಯ ಕಿಟಕಿಯಲ್ಲಿಟ್ಟಳು. ಎಲೆ ಸೊರಗಿತು. ಅಲ್ಲಿಂದ ಎತ್ತಿ, ಕುಂಡಕ್ಕೆ ಹೊಸ ಮಣ್ಣು ತುಂಬಿ ಗಾಜಿನ ಕೋಣೆಗೆ ತಂದಳು. ಒಳಗೆ ಕಾಲಿಟ್ಟವಳೇ, "ಅಯ್ಯೋ, ಇದೇನು ನಮ್ಮ ಲಾಂಡ್ರಿ ಆಗಿದೆ," ಎಂದು ಸಾಲಾಗಿ ಕಿಟಕಿಗಳನ್ನು ಸರಿಸತೊಡಗಿದಳು.

"ಏ, ಏ, ಏನು ಮಾಡ್ತಿದ್ದೀಯ? ಇಷ್ಟು ವರ್ಷಕ್ಕೆ ಒಂದು ಬೆಚ್ಚಗಿರೋ ಮೂಲೆ ಮಾಡ್ಕೊಂಡಿದ್ದೀನಿ. ಅದಕ್ಕೂ ಗಾಳಿ ಬಿಡ್ತೀಯಾ?"

"ಗಿಡಕ್ಕೆ ಉಸಿರು ಕಟ್ಟತ್ತೆ ರೀ."

"ನನ್ನ ಟೊಮೆಟೊಗೆ ಶೀತ ಆಗತ್ತೆ."

ಅಡುಗೆಮನೆಯ ಬಾಗಿಲಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು: "ಇಬ್ಬರ ಗಿಡಾನೂ ಡಾಕ್ಟರ ಹತ್ರ ತೋರಿಸಿ."

ಅಂದು ಶುರುವಾದ ಕಿಟಕಿ ಯುದ್ಧ ತುಂಬಾ ದಿನ ನಡೆಯಿತು. ಬಾಯಿಮಾತಿನ ಜಗಳ ಅದೊಂದೇ ದಿನ. ಆಮೇಲೆಲ್ಲ ಮೌನದ ಕಾರ್ಯಾಚರಣೆ. ಚಿಕ್ಕಮ್ಮ ಕೆಲಸಕ್ಕೆ ಹೊರಡುವಾಗ ಸುಮ್ಮನೆ ಹಿತ್ತಿಲಿಗೆ ಹೋಗಿ ಗಾಜು ಸರಿಸಿ ಹೋಗುವಳು. ಚಿಕ್ಕಪ್ಪ ಪಾಳಿ ಮುಗಿಸಿ ಬಂದು ಸುಮ್ಮನೆ ಮುಚ್ಚುವನು. ಅವಳು ಬಂದು ತೆರೆಯುವಳು. ಕೈತೊಳೆಯುವ ನೆಪದಲ್ಲಿ ಅವನು ಹೋಗಿ ಮುಚ್ಚುವನು. ಊಟಕ್ಕೆ ಕೂತಾಗ ಮಾತ್ರ ಇಬ್ಬರೂ ಏನೂ ಆಗದವರಂತೆ ಒಬ್ಬರಿಗೊಬ್ಬರು ಬಡಿಸಿಕೊಳ್ಳುತ್ತಿದ್ದರು.

ಟೊಮೆಟೊ ಗೊಂಚಲು ಗೊಂಚಲಾಗಿ ಕೆಂಪಾಯಿತು. ಚಿಕ್ಕಮ್ಮನ ಗಿಡ ಎಲೆ ಉದುರಿಸುತ್ತ ಬಂತು. ಮೊದಲು ಅಂಚು ಕಂದಿತು, ಆಮೇಲೆ ನರಗಳ ನಡುವೆ ಹಳದಿ ಹಬ್ಬಿತು. ಒಂದು ದಿನ ನೋಡಿದರೆ ರೆಂಬೆಗಳೆಲ್ಲ ಹಳೆಯ ಪೊರಕೆಯ ಕಡ್ಡಿಗಳಂತೆ ಬರಿದಾಗಿದ್ದವು. ಚಿಕ್ಕಮ್ಮ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತದ್ದು ನನಗೆ ಕಂಡಿತು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಹೋಗ್ಲಿ ಬಿಡು. ಗೊಬ್ಬರಕ್ಕೆ ಹಾಕೋಣ," ಎಂದನಂತೆ. ಸಮಾಧಾನ ಹೇಳುವ ಉದ್ದೇಶದಿಂದಲೇ ಹೇಳಿದ್ದು. ಆದರೆ ಆ ದಿನ ಊಟಕ್ಕೆ ಕೂತಾಗ ಅವನ ತಟ್ಟೆಗೆ ಅವನೇ ಬಡಿಸಿಕೊಳ್ಳಬೇಕಾಯಿತು.

ಮರುದಿನ ಅವಳು ಥರ್ಮಾಮೀಟರ್ ಸಾಹೇಬರ ಮನೆ ಹುಡುಕಿಕೊಂಡು ಹೋದಳು. ಅವರು ಮಗಳ ಮನೆಯಲ್ಲಿದ್ದರು. ಮೇಲಂತಸ್ತು, ಇದ್ದ ಕಿಟಕಿಗಳೆಲ್ಲ ಪಡುವಣ ಬಿಸಿಲಿಗೆ. ಒಂದು ಗಿಡವೂ ಇಲ್ಲ. ಸಾಹೇಬರು ಟಿ.ವಿ.ಯ ಮುಂದೆ ಕೂತು ಯಾವುದೋ ದೇಶದ ಹವಾಮಾನ ವರದಿ ನೋಡುತ್ತಿದ್ದರು. ಅವಳು ಹೇಳಿದ್ದನ್ನು ಪೂರ್ತಿ ಕೇಳುವ ಮೊದಲೇ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಹಿತ್ತಿಲಿಗೆ ಬಂದು ಕುಂಡದ ಮುಂದೆ ಬಗ್ಗಿ, ಆ ಕಟ್ಟಿಗೆಯ ಗಂಟಿಗೆ ಹೆಬ್ಬೆರಳು ಒತ್ತಿದರು. ಉಗುರಿನಿಂದ ಸಣ್ಣಗೆ ಕೆರೆದರು. ಒಳಗೆ ಹಸಿರು ಕಂಡಿತು.

"ಜೀವ ಇದೆ. ಮೋಡ ಬರದ ವರ್ಷ ನೀರು ಬೇಕಲ್ಲ, ಅದಕ್ಕೇ ಇದು ಗೆಡ್ಡೇಲಿ ಕೂಡಿಟ್ಟುಕೊಳ್ಳತ್ತೆ. ಯಾವ ಮಣ್ಣಿಗೆ ಹಾಕಿದ್ರಿ?"

"ಒಳ್ಳೇ ಗೊಬ್ಬರದ ಮಣ್ಣು ಸಾಹೇಬ್ರೆ."

"ಅದೇ ತಪ್ಪಾಗಿದ್ದು. ಇದು ನೆಲದಲ್ಲಿ ಬೆಳೆಯೋದಲ್ಲ, ಮರದ ಕೊಂಬೆ ಮೇಲೆ ಕೂತು ಮಂಜು ಕುಡಿಯೋದು. ಬೇರಿಗೆ ಗಾಳಿ ಬೇಕು. ಮರದ ತೊಗಟೆ ಚೂರು, ಪಾಚಿ, ಅಷ್ಟೇ ಸಾಕು. ನೀರು ಯಾವುದು? ನಲ್ಲೀದಾ?"

ನಲ್ಲಿಯ ನೀರು ಎಂದೊಡನೆ ಚಿಕ್ಕಮ್ಮನಿಗೆ ಲಾಂಡ್ರಿಯ ಬಾಯ್ಲರು ನೆನಪಾಯಿತು. ವರ್ಷಕ್ಕೊಮ್ಮೆ ಅದರ ಕೊಳವೆ ಬಿಚ್ಚಿದರೆ ಒಳಗೆಲ್ಲ ಸುಣ್ಣ ಹೆಪ್ಪುಗಟ್ಟಿರುತ್ತಿತ್ತು. ಅದೇ ಬಿಳಿ ಪದರ ಈಗ ಕುಂಡದ ಅಂಚಿನಲ್ಲೂ ಕೂತಿತ್ತು. "ಸುಣ್ಣ ಕುಡಿಸ್ಬಿಟ್ಟೆ ನಾನು," ಎಂದಳು. "ಮಳೆ ನೀರು ಹಿಡಿದಿಡಿ," ಎಂದರು ಸಾಹೇಬರು. ಆಮೇಲೆ ಜೇಬಿನಿಂದ ಥರ್ಮಾಮೀಟರ್ ತೆಗೆದು ಕೋಣೆಯ ಮಧ್ಯೆ ಹಿಡಿದು ನೋಡಿ, ಹುಬ್ಬು ಗಂಟಿಕ್ಕಿದರು.

"ಇಷ್ಟೊಂದು ಕಿಟಕಿ ಇದೆ, ಎಲ್ಲ ಮುಚ್ಚಿದೆ. ಯಾರು ಮುಚ್ಚೋದು ಇದನ್ನ?"

ಚಿಕ್ಕಪ್ಪ ಆ ಹೊತ್ತಿಗೆ ಸರಿಯಾಗಿ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. ಚಿಕ್ಕಮ್ಮ ಅವನ ಕಡೆ ನೋಡಲಿಲ್ಲ.

"ಗಾಳಿಗೆ ಮುಚ್ಚಿಕೊಳ್ಳತ್ತೆ ಸಾಹೇಬ್ರೆ," ಎಂದಳು.

ಸಾಹೇಬರು ಅಡ್ಡಕ್ಕೆ ಸರಿಯುವ ಆ ಗಾಜುಗಳನ್ನು ನೋಡಿದರು. ಬಾಗಿಲಲ್ಲಿ ಸ್ವೆಟರ್ ಹಾಕಿಕೊಂಡು ನಿಂತವನನ್ನು ನೋಡಿದರು. "ಭಾರಿ ಗಾಳಿ ಅಮ್ಮ ನಿಮ್ಮ ಕಡೆ," ಎಂದರು.

ಈ ಮಾತನ್ನು ಅಜ್ಜಿ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಚಿಕ್ಕಪ್ಪ ಅಂದು ಸಾಹೇಬರನ್ನು ಬಸ್ ನಿಲ್ದಾಣದವರೆಗೆ ಬಿಟ್ಟು ಬಂದು, ಗಾಜಿನ ಕೋಣೆಯೊಳಗೆ ಹೋಗಿ, ಗೇಣು ಹಾಕಿ ಏನೇನೋ ಅಳೆಯುತ್ತ ನಿಂತ. ಆ ವಾರದ ಕೊನೆಯಲ್ಲಿ ಡಿಪೋದ ಗೆಳೆಯನ ಜೊತೆ ತಳ್ಳುಗಾಡಿಯಲ್ಲಿ ಒಂದು ಬಸ್ಸಿನ ಬಾಗಿಲು ತಂದ. ಮಡಚಿಕೊಳ್ಳುವ ಬಾಗಿಲು, ಅಂಚಿಗೆ ರಬ್ಬರು. ಅದನ್ನು ಕೋಣೆಯ ಸರಿಯಾಗಿ ನಡುವೆ ನಿಲ್ಲಿಸಿ, ಎರಡೂ ಬದಿಗೆ ಗಾಜು ಕೂರಿಸಿ, ಒಂದು ಕೋಣೆಯನ್ನು ಎರಡು ಮಾಡಿದ. ಬಿಸಿಲಿನ ಕಡೆಯದು ಟೊಮೆಟೊಗೆ. ಗೋಡೆಯ ನೆರಳಿನ ಕಡೆಯದು ಅವಳ ಗಿಡಕ್ಕೆ.

"ನಿನ್ನ ಕಡೆ ಏನಾದ್ರೂ ಮಾಡ್ಕೋ. ಬಾಗಿಲು ಮಾತ್ರ ಹಾಕ್ಕೋ," ಎಂದ.

ಚಿಕ್ಕಮ್ಮ ಬಾಗಿಲನ್ನು ಒಮ್ಮೆ ಮಡಚಿ, ಒಮ್ಮೆ ಬಿಡಿಸಿ ನೋಡಿದಳು. "ಹತ್ತೋರು ಹತ್ತಿ, ಇಳಿಯೋರು ಇಳೀರಿ," ಎಂದಳು. ಚಿಕ್ಕಪ್ಪ ನಕ್ಕ. ಆ ಮನೆಯಲ್ಲಿ ಮುಂಚಿನಂತೆ ಬಡಿಸುವ ಕೆಲಸ ಮತ್ತೆ ಶುರುವಾಯಿತು.

ಅವಳು ಸತ್ತ ರೆಂಬೆಗಳನ್ನು ಕತ್ತರಿಸಿದಳು. ಗೆಡ್ಡೆಯ ಬೇರಿನ ಮಣ್ಣನ್ನೆಲ್ಲ ತೊಳೆದು, ಬಡಗಿಯ ಅಂಗಡಿಯಿಂದ ತಂದ ತೊಗಟೆಯ ಚೂರು ಮತ್ತು ಪಾಚಿಯಲ್ಲಿ ಕೂರಿಸಿದಳು. ಮಾಡಿನ ನೀರು ಬೀಳುವಲ್ಲಿ ಪೀಪಾಯಿ ಇಟ್ಟಳು. ನೆಲಕ್ಕೆ ಜಲ್ಲಿ ಹರಡಿ ದಿನಾ ನೀರು ಚಿಮುಕಿಸಿದಳು. ಚಿಕ್ಕಪ್ಪ ಬಸ್ಸಿನ ಡ್ರೈವರ್ ಸೀಟಿನ ಮೇಲಿರುತ್ತದಲ್ಲ, ಆ ಪುಟ್ಟ ಫ್ಯಾನನ್ನೂ ಹಳೆಯ ಬ್ಯಾಟರಿಯನ್ನೂ ತಂದು ಜೋಡಿಸಿಕೊಟ್ಟ. ಅವನಿಗೆ ಆ ಫ್ಯಾನು ಹೇಗೂ ಎಂದೂ ಬೇಕಾಗಿರಲಿಲ್ಲ.

ಬಹಳ ದಿನ ಏನೂ ಆಗಲಿಲ್ಲ. ಪಾಚಿಯ ನಡುವೆ ಕೂತ ಆ ಗಂಟನ್ನು ನೋಡಿ ಅಜ್ಜಿ, "ಇದು ತಪಸ್ಸಿಗೆ ಕೂತಿದೆ ಕಣೆ, ಎಬ್ಬಿಸಬೇಡ," ಎನ್ನುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ ಗಂಟಿನ ಮಗ್ಗುಲಲ್ಲಿ ತಾಮ್ರದ ಬಣ್ಣದ ಮೊಳಕೆ ಕಂಡಿತು. ನಾನು ನೋಡಲು ಹೋದಾಗ ಅದು ಕಿರುಬೆರಳಿನಷ್ಟು ಉದ್ದವಾಗಿತ್ತು. ಎಳೆಯೆಲೆಗಳು ಹಸಿರೇ ಅಲ್ಲ, ಹೊಸ ಪಾತ್ರೆಯಂತೆ ಕೆಂಪಗೆ ಹೊಳೆಯುತ್ತಿದ್ದವು. ಚಿಕ್ಕಮ್ಮ ಅದನ್ನು ಮುಟ್ಟಲಿಲ್ಲ, ನನ್ನನ್ನೂ ಮುಟ್ಟಗೊಡಲಿಲ್ಲ.

ಮುಂದಿನ ಬೇಸಿಗೆ ಸಾಮಾನ್ಯದ್ದಲ್ಲ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಆಸ್ಪತ್ರೆ ರೋಗಿಗಳಿಂದ ತುಂಬಿ, ಲಾಂಡ್ರಿಯಲ್ಲಿ ಎಲ್ಲರಿಗೂ ಹೆಚ್ಚಿನ ಹೊತ್ತು ಕೆಲಸ ಬಿತ್ತು. ಎಲ್ಲಕ್ಕಿಂತ ಬಿಸಿಯಾದ ಒಂದು ದಿನ ಚಿಕ್ಕಮ್ಮ ರೋಲರಿನ ಮುಂದೆ ನಿಂತು ಗಿಡದ ಬಗ್ಗೆಯೇ ಯೋಚಿಸುತ್ತಿದ್ದಳಂತೆ. ಮೈತುಂಬ ಹೊಸ ಎಲೆ ಬಿಟ್ಟಿದೆ, ಫ್ಯಾನೊಂದೇ ಸಾಲದು, ಇವತ್ತು ಉಳಿಯಲಾರದು ಎಂದು ಅವಳ ಮನಸ್ಸು ಹೇಳುತ್ತಿತ್ತು. "ಹೋಗಿ ನೋಡ್ಕೊಂಡು ಬಾ," ಎಂದಳು ಜೊತೆಗಾರ್ತಿ. ಆದರೆ ಮೇಲಿನಿಂದ ಬಟ್ಟೆಯ ತೊಟ್ಟಿಗಳು ಬರುತ್ತಲೇ ಇದ್ದವು. ಹೋಗಲಾಗಲಿಲ್ಲ.

ಚಿಕ್ಕಪ್ಪನಿಗೆ ಅಂದು ರಜೆ. ಅವನು ಊಟ ಮುಗಿಸಿ ತನ್ನ ಕುರ್ಚಿಯತ್ತ ಹೋದವನು ಯಾಕೋ ಆಚೆ ಕೋಣೆಗೆ ಇಣುಕಿದ. ಸಾಹೇಬರು ಬಿಟ್ಟುಹೋಗಿದ್ದ ಥರ್ಮಾಮೀಟರ್ ಅಲ್ಲಿ ತೂಗುತ್ತಿತ್ತು. ಅದನ್ನು ನೋಡಿ ಓಡಿ ಬಂದ.

"ಅಮ್ಮಾ, ಅವಳ ಗಿಡ ಬೇಯ್ತಿದೆ. ಏನು ಮಾಡೋದು?"

"ಜ್ವರ ಬಂದ್ರೆ ಏನು ಮಾಡ್ತೀವೋ ಅದೇ ಮಾಡು. ಒದ್ದೆ ಬಟ್ಟೆ ಹಾಕು," ಎಂದಳು ಅಜ್ಜಿ.

ನಾನು ನನ್ನ ಕಿಟಕಿಯಿಂದ ಕಂಡದ್ದು ಇದು. ಚಿಕ್ಕಪ್ಪ ಮನೆಯೊಳಗಿನಿಂದ ಬೆಡ್‌ಶೀಟುಗಳನ್ನು ಒಂದೊಂದಾಗಿ ಎಳೆದು ತರುತ್ತಿದ್ದಾನೆ. ಹಾಸಿಗೆಯ ಮೇಲಿನವು, ಬೀರುವಿನೊಳಗಿನವು, ಮದುವೆಯಲ್ಲಿ ಬಂದು ಎಂದೂ ಬಿಚ್ಚದೆ ಇಟ್ಟ ಕಸೂತಿಯದೂ ಸೇರಿ. ಅಜ್ಜಿ ಬಾನಿಯಲ್ಲಿ ಅದ್ದಿ ಹಿಂಡಿ ಕೊಡುತ್ತಿದ್ದಾಳೆ. ಅವನು ಸ್ಟೂಲಿನ ಮೇಲೆ ನಿಂತು ಗಾಜಿನ ಸುತ್ತ, ಮಾಡಿನ ಮೇಲೆ, ಕಿಟಕಿಗಳಿಗೆ ಅಡ್ಡವಾಗಿ ಹರಡುತ್ತಿದ್ದಾನೆ. 'ಅಪಾಯದಲ್ಲಿ ಮಾತ್ರ ತೆರೆಯಿರಿ' ಎಂದಿದ್ದ ಗಾಜನ್ನು ಆ ದಿನ ಮೊದಲ ಸಲ ತೆರೆದ. ಬಟ್ಟೆ ಒಣಗಿದಂತೆಲ್ಲ ಮತ್ತೆ ನೀರು. ನಾನೂ ನನ್ನ ಮನೆಯ ಎರಡು ಬೆಡ್‌ಶೀಟು ಹೆಗಲಿಗೆ ಹಾಕಿಕೊಂಡು ಇಳಿದುಹೋದೆ. ಚಿಕ್ಕಪ್ಪ ಬನಿಯನ್ನಿನಲ್ಲಿದ್ದ. ಅವನನ್ನು ಹಾಗೆ ಕಂಡದ್ದು ನನಗೆ ಅದೇ ಮೊದಲು. "ಹೊತ್ತಾದ್ರೂ ಪರವಾಗಿಲ್ಲ, ಬೇಗ ಹಾಕು," ಎಂದು ಅರ್ಥವಿಲ್ಲದ ಮಾತು ಆಡುತ್ತ ಓಡಾಡುತ್ತಿದ್ದ.

ಸಂಜೆ ಚಿಕ್ಕಮ್ಮ ಬಂದವಳು ಫ್ರಿಜ್ಜಿನ ಕಡೆ ಹೋಗದೆ ನೇರವಾಗಿ ಹಿತ್ತಿಲಿಗೆ ನುಗ್ಗಿದಳು. ಬಾಗಿಲಲ್ಲೇ ನಿಂತುಬಿಟ್ಟಳು. ಗಾಜಿನ ಕೋಣೆ ಕಾಣುತ್ತಿರಲಿಲ್ಲ. ಅದರ ಜಾಗದಲ್ಲಿ ತೊಟ್ಟಿಕ್ಕುವ ಬಟ್ಟೆಯ ಡೇರೆಯೊಂದು ನಿಂತಿತ್ತು. ಒಂದು ಅಂಚನ್ನು ಎತ್ತಿ ಒಳಗೆ ಇಣುಕಿದರೆ, ಬಾನಿಯ ನೀರಿನಲ್ಲಿ ಕಾಲಿಟ್ಟುಕೊಂಡು ಅಜ್ಜಿ ತೂಕಡಿಸುತ್ತಿದ್ದಳು. ಫ್ಯಾನು ತಿರುಗುತ್ತಿತ್ತು. ಗಿಡದ ಒಂದು ಎಲೆಯೂ ಬಾಡಿರಲಿಲ್ಲ.

"ದಿನವಿಡೀ ಬೆಡ್‌ಶೀಟು ಒಣಗಿಸಿ ಬಂದೆ," ಎಂದಳು ಚಿಕ್ಕಮ್ಮ. "ಇಲ್ಲಿ ನೋಡಿದ್ರೆ ನೀವು ದಿನವಿಡೀ ಒದ್ದೆ ಮಾಡ್ತಾ ಕೂತಿದ್ದೀರಿ." ಅವಳ ಕಣ್ಣು ತುಂಬಿತ್ತು. ಚಿಕ್ಕಪ್ಪ ಏನೋ ಹೇಳಲು ಹೋಗಿ ಜೋರಾಗಿ ಸೀನಿದ. ಅವನಿಗೆ ವಾರವಿಡೀ ನೆಗಡಿ ಬಿಡಲಿಲ್ಲ. ಚಿಕ್ಕಮ್ಮ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು, ಅವನು ಯುದ್ಧ ಗೆದ್ದ ಯೋಧನಂತೆ ಮಲಗಿ ಕುಡಿಯುತ್ತಿದ್ದ. ಗಿಡದ ಕಾವಲನ್ನು ಅಂದಿನಿಂದ ಅವನೂ ವಹಿಸಿಕೊಂಡ. ಬೇಸಿಗೆಯಷ್ಟೇ ಚಳಿಯೂ ವಿಪರೀತವಾದ ನಮ್ಮೂರಿನಲ್ಲಿ ಚಳಿಗಾಲ ಬಂದು ಹುಲ್ಲಿನ ಮೇಲೆ ಹಿಮ ಕೂರುವ ಸೂಚನೆ ಕಂಡರೆ ಗಾಜಿನ ಸಂದುಗಳಿಗೆ ಚಿಂದಿ ತುರುಕಿ ಮುಚ್ಚುವ ಕೆಲಸ ಅವನದೇ. ಮುಚ್ಚುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಆ ಚಳಿಗಾಲದಲ್ಲೇ ಗಿಡ ಹೂಬಿಟ್ಟಿತು. ರೆಂಬೆಗಳ ಅಡಿಯಿಂದ ಸಾಲುಸಾಲಾಗಿ ಜೋತ ಕೊಳವೆಯಂಥ ಹೂಗಳು. ಕಡುಕೆಂಪು, ತುದಿಯಲ್ಲಿ ಮಾತ್ರ ಬಿಳಿ. ಮುಟ್ಟಿದರೆ ಮೇಣದ ಹಾಗೆ. ಹೊರಗೆ ಹಿತ್ತಿಲಿನಲ್ಲಿ ಹಸಿರೇ ಇಲ್ಲದ ದಿನಗಳವು. ಅಜ್ಜಿ ತನ್ನ ಮಣೆಯನ್ನು ಅಡುಗೆಮನೆಯಿಂದ ಎತ್ತಿ ತಂಪುಮನೆಗೆ ಸ್ಥಳಾಂತರಿಸಿದಳು. ತರಕಾರಿ ಹೆಚ್ಚುವುದು, ಕನ್ನಡಕ ಹುಡುಕುವುದು, ಬೈಯುವುದು ಎಲ್ಲ ಅಲ್ಲಿಂದಲೇ.

ಸಾಹೇಬರನ್ನು ಕರೆತರಲು ಚಿಕ್ಕಪ್ಪನೇ ಹೋದ. ಅವರು ಹೂಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. "ಅಲ್ಲಿ ಇದ್ದಾಗ ಇಷ್ಟು ಬಿಟ್ಟಿರಲಿಲ್ಲ," ಎಂದರು. ಅಷ್ಟೇ. ಆಮೇಲೆ ಒಂದು ಹೂವಿನೊಳಗೆ ಇಣುಕಿ, "ಇದರ ಊರಲ್ಲಿ ಉದ್ದ ಕೊಕ್ಕಿನ ಸಣ್ಣ ಹಕ್ಕಿ ಬಂದು ಪರಾಗ ಒಯ್ಯತ್ತೆ. ಇಲ್ಲಿ ಯಾರು ಒಯ್ತಾರೆ? ಅದಕ್ಕೇ ಹಣ್ಣು ನಾನು ನೋಡಿಲ್ಲ," ಎಂದರು. ಚಿಕ್ಕಮ್ಮ ಹೊಲಿಗೆ ಡಬ್ಬಿಯ ನೂಲನ್ನು ಒಂದು ಬೆಂಕಿಕಡ್ಡಿಗೆ ಸುತ್ತಿಕೊಂಡು ಬಂದಳು. ಹೂವಿನಿಂದ ಹೂವಿಗೆ ಅದನ್ನು ತೂರಿಸಿ ತೆಗೆಯುವ ಕೆಲಸ ಸಾಹೇಬರು ತಾವೇ ಮಾಡಿದರು. ಚಿಕ್ಕಪ್ಪ ಹಿಂದೆ ನಿಂತು, "ಸ್ವಲ್ಪ ಎಡಕ್ಕೆ, ಹಾಂ, ಬರ್ಲಿ ಬರ್ಲಿ," ಎಂದು ಬಸ್ಸು ಹಿಂದಕ್ಕೆ ತೆಗೆಯುವಾಗ ಹೇಳುವಂತೆ ಹೇಳುತ್ತಿದ್ದ.

ಎಲ್ಲ ಹೂವಿಗೂ ಕಾಯಿ ಕಟ್ಟಲಿಲ್ಲ. ಕಟ್ಟಿದ ಕೆಲವು ತಿಂಗಳುಗಟ್ಟಲೆ ಹಾಗೇ ಇದ್ದು, ಕೊನೆಗೆ ಹಾಲುಗಾಜಿನಂತೆ ಬೆಳ್ಳಗೆ ಉಬ್ಬಿ, ಒಂದು ಮಗ್ಗುಲಿಗೆ ನೇರಳೆ ಛಾಯೆ ಪಡೆದವು. ತಿನ್ನಬಹುದು ಎಂದು ಸಾಹೇಬರು ಹೇಳಿದ್ದರೂ ಧೈರ್ಯ ಮಾಡಿದ್ದು ಅಜ್ಜಿ. ಎಲ್ಲರೂ ಅವಳ ಬಾಯನ್ನೇ ನೋಡುತ್ತ ನಿಂತರು.

"ಹೇಗಿದೆ ಅತ್ತೆ?"

"ರುಚಿ ಏನೂ ಇಲ್ಲ," ಎಂದಳು ಅಜ್ಜಿ. ಮತ್ತೆ ಕೈ ಚಾಚಿ, "ಇನ್ನೊಂದು ಕೊಡು," ಎಂದಳು.

ಉಳಿದವನ್ನು ಯಾರೂ ತಿನ್ನಲಿಲ್ಲ. ಸಾಹೇಬರು ಅವನ್ನು ಹಿಸುಕಿ, ಧೂಳಿನಷ್ಟು ಸಣ್ಣ ಬೀಜ ತೆಗೆದು, ಒದ್ದೆ ಪಾಚಿಯ ಮೇಲೆ ಉದುರಿಸಿದರು. ರೆಂಬೆಯ ತುದಿಗಳನ್ನು ಕತ್ತರಿಸಿ ನೆಡುವುದನ್ನೂ ಚಿಕ್ಕಮ್ಮನಿಗೆ ಹೇಳಿಕೊಟ್ಟರು. ಅವರು ಬರುವುದು ವಾರಕ್ಕೊಮ್ಮೆಯಿದ್ದದ್ದು ದಿನಬಿಟ್ಟು ದಿನವಾಯಿತು. ಮಗಳು ಫೋನು ಮಾಡಿ, "ಅಪ್ಪ ಅಲ್ಲೇ ಇದಾರಾ?" ಎಂದು ಕೇಳುತ್ತಿದ್ದಳು.

ಇಷ್ಟರಲ್ಲಿ ಆಸ್ಪತ್ರೆಯವರು ಬಟ್ಟೆ ಒಗೆಯುವ ಕೆಲಸವನ್ನು ಹೊರಗಿನವರಿಗೆ ವಹಿಸಿದರು. ನೆಲಮಾಳಿಗೆಗೆ ಬೀಗ ಬಿತ್ತು. ಹೆಂಗಸರೆಲ್ಲ ಕೊನೆಯ ದಿನ ಕೊನೆಯ ಬೆಡ್‌ಶೀಟನ್ನು ಸೇರಿಕೊಂಡು ಮಡಚಿ, ಅತ್ತು, ನಕ್ಕು ಬಂದರು. ಚಿಕ್ಕಮ್ಮ ಕೆಲವು ವಾರ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಓಡಾಡಿದಳು. ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. "ಕೈ ಸುಮ್ಮನಿರಲ್ಲ ಕಣೆ," ಎಂದು ನನ್ನ ಹತ್ತಿರ ಹೇಳಿದಳು.

ಒಂದು ದಿನ ಉದ್ಯಾನದ ಹೊಸ ಅಧಿಕಾರಿ ಬಂದರು. ಚುರುಕಿನ ಹೆಂಗಸು, ಮೆಲುಮಾತು. ಹೊಸ ತಂಪುಮನೆ ಕಟ್ಟಿ ಮುಗಿಯಿತೆಂದೂ, ಹಳೆಯ ಗಿಡಗಳಲ್ಲಿ ಕೆಲವು ಬೇರೆ ಊರುಗಳಲ್ಲಿ ಉಳಿದಿಲ್ಲವೆಂದೂ, ಈ ಗಿಡ ಇಲ್ಲಿದೆಯೆಂದು ತಿಳಿದು ಬಂದೆನೆಂದೂ ಹೇಳಿದರು. ವಾಪಸು ಕೊಡುತ್ತೀರಾ ಎಂದು ಕೇಳುವ ಮೊದಲೇ ಚಿಕ್ಕಪ್ಪ ಅಡ್ಡ ಬಂದ.

"ಕೊಡಲ್ಲ ಮೇಡಂ. ಅದು ಇಲ್ಲೇ ಹೊಂದಿಕೊಂಡಿದೆ. ಜಾಗ ಬದಲಾದ್ರೆ ಅದಕ್ಕೆ ಆಗಲ್ಲ."

"ಗೊಬ್ಬರಕ್ಕೆ ಹಾಕೋಣ ಅಂದೋನು ಯಾರಪ್ಪ?" ಎಂದು ಅಜ್ಜಿ ಒಳಗಿನಿಂದ ಕೇಳಿದಳು.

ಚಿಕ್ಕಮ್ಮ ಅಧಿಕಾರಿಯನ್ನು ಒಳಗೆ ಕರೆದೊಯ್ದಳು. ಕಟ್ಟೆಯ ಮೇಲೆ ಪುಟ್ಟ ಕುಂಡಗಳಲ್ಲಿ ಬೇರು ಹಿಡಿದ ರೆಂಬೆಗಳಿದ್ದವು. ಎಲ್ಲವೂ ತಾಮ್ರದ ಚಿಗುರು ಬಿಟ್ಟಿದ್ದವು. ಪಾಚಿಯ ತಟ್ಟೆಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವ ಸಸಿಗಳು. "ತಾಯಿನ ಬಿಟ್ಟು ಮಕ್ಕಳನ್ನ ಒಯ್ಯಿರಿ," ಎಂದಳು. ಆಮೇಲೆ ಯಾವ ನೀರು, ಯಾವ ತೊಗಟೆ, ಯಾವ ಕಡೆಯ ಗಾಳಿ ಎಂದು ಹೇಳಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಅಧಿಕಾರಿ ಕೇಳುತ್ತ ಕೇಳುತ್ತ ಜಲ್ಲಿಯ ಮೇಲೆ ಕೂತೇಬಿಟ್ಟರು. ಹೊರಡುವಾಗ, "ನೀವೇ ಬಂದು ನೋಡ್ಕೋಬಹುದಲ್ಲ? ಬೆಳಿಗ್ಗೆ ಹೊತ್ತು ಒಬ್ಬರು ಬೇಕಾಗಿದ್ದಾರೆ," ಎಂದರು.

ಚಿಕ್ಕಮ್ಮ ಗಂಡನ ಮುಖ ನೋಡಿದಳು. "ಹೋಗು," ಎಂದ ಅವನು. "ಮನೇಲಿದ್ರೆ ನನ್ನ ಕಡೆ ಕಿಟಕೀನೂ ತೆಗೀತೀಯ."

ಈಗ ಅವಳು ಅಲ್ಲಿಗೆ ಹೋಗುತ್ತಿದ್ದಾಳೆ. ಅವಳಿಗೆ ಒಂದು ಹಸಿರು ಮೇಲಂಗಿ ಕೊಟ್ಟಿದ್ದಾರೆ, ತೋಳು ಉದ್ದವಾಯಿತೆಂದು ಮಡಚಿ ಹೊಲಿದುಕೊಂಡಿದ್ದಾಳೆ. ಮೊನ್ನೆ ನಾನು ಹೋದಾಗ ಹೊಸ ಕಲ್ಲುಬೆಂಚಿನ ಮೇಲೆ ಲಾಂಡ್ರಿಯ ಹಳೆಯ ಜೊತೆಗಾರ್ತಿ ಕೂತಿದ್ದಳು. ಚಿಕ್ಕಮ್ಮ ಜರಿಗಿಡಗಳ ಒಣಗಿದ ಗರಿಗಳನ್ನು ತೆಗೆಯುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಯಾರದೋ ಸೊಸೆಯ ಸುದ್ದಿ ಆಡಿಕೊಳ್ಳುತ್ತಿದ್ದರು. ಆರ್ಕಿಡ್ ಗಿಡಗಳನ್ನೂ ನೋಡಿಕೊಳ್ಳಲು ಮುಂದಿನ ತಿಂಗಳಿನಿಂದ ಅವಳಿಗೇ ಹೇಳಿದ್ದಾರಂತೆ. "ಅವು ಇನ್ನೂ ಗರ್ವದವು ಅಂತೆ. ನೋಡೋಣ," ಎಂದಳು. ನನ್ನ ಕೈಗೆ ಒಣಗರಿಗಳ ಬುಟ್ಟಿ ಕೊಟ್ಟು ಹೊರಗೆ ಸುರಿದು ಬಾ ಎಂದು ಕಳಿಸಿದಳು.